ಹೆಡ್‌ಮಿಸ್ಸಿಗೆ ಬೇಕಾದ ಬಿಸಿ, ಬೇಕಾದ ತೇವ

ಮನೆಯ ಹಿರಿಯರು ಇದ್ದಕ್ಕಿದ್ದ ಹಾಗೆ ಆಸ್ಪತ್ರೆ ಸೇರಿದರೆ, ಅವರ ಗಿಡಕ್ಕೆ ನೀರು ಹಾಕುವವರು ಯಾರು, ಬೆಕ್ಕಿಗೆ ಹಾಲು ಇಡುವವರು ಯಾರು ಎನ್ನುವ ಮಾತು ಬಂದೇ ಬರುತ್ತದೆ. ಬ್ರೆಡ್ಡಣ್ಣನ ಪಾಲಿಗೆ ಬಂದದ್ದು ಗಿಡವೂ ಅಲ್ಲ, ಬೆಕ್ಕೂ ಅಲ್ಲ. ಆಮೆ.

ಬ್ರೆಡ್ಡಣ್ಣ ಎಂದರೆ ಬೀದಿಯ ಮೂಲೆಯಲ್ಲಿ ಬೇಕರಿ ಇಟ್ಟುಕೊಂಡಿದ್ದವನು. ಹಿಂದುಗಡೆ ಒಲೆಮನೆ, ಮುಂದುಗಡೆ ಅಂಗಡಿ, ಮೇಲೆ ಮೂರು ಕೋಣೆಯ ಮನೆ. ಅಂಗಡಿಯ ಗಲ್ಲಾಪೆಟ್ಟಿಗೆ ಹೆಂಡತಿಯದು, ಒಲೆ ಅವನದು. ಮಾವ, ಅಂದರೆ ಹೆಂಡತಿಯ ತಂದೆ, ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇದ್ದುಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ದಿನ ಸ್ಟೂಲು ಹತ್ತಿ ಗೋಡೆ ಗಡಿಯಾರಕ್ಕೆ ಕೀ ಕೊಡಲು ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ನಡೆಯುವ ಅಭ್ಯಾಸ ಮಾಡಿಸಬೇಕು, ಎರಡು ತಿಂಗಳು ಇಲ್ಲೇ ಇರಲಿ ಎಂದರು ಆಸ್ಪತ್ರೆಯವರು.

ಮಾವನ ಆಮೆಗೆ ಹನ್ನೆರಡು ವರ್ಷ. ಮಳೆಕಾಡಿನ ಜಾತಿ. ಕರಿ ಚಿಪ್ಪು, ಕಾಲಿನ ಮೇಲೆ ಕುಂಕುಮ ಚಿಮುಕಿಸಿದಂಥ ಕೆಂಪು ಚುಕ್ಕೆ. ದಿನಾ ಬೆಳಿಗ್ಗೆ ಎದ್ದು ಗೂಡಿನ ನಾಲ್ಕೂ ಮೂಲೆಗೆ ಹೋಗಿ, ಕತ್ತು ಚಾಚಿ, ಎಲ್ಲ ಸರಿಯಾಗಿದೆಯೇ ಎಂದು ನೋಡಿ ಬರುತ್ತಿದ್ದುದರಿಂದ ಮಾವ ಅದಕ್ಕೆ ಹೆಡ್‌ಮಿಸ್ಸು ಎಂದು ಹೆಸರಿಟ್ಟಿದ್ದರು. ಆಕೆ ಇದ್ದದ್ದು ಗೋಡೆಗೆ ಸೇರಿಸಿ ಕಟ್ಟಿದ ದೊಡ್ಡ ಗೂಡಿನಲ್ಲಿ. ಅದನ್ನು ಕೀಳಲಾಗದೆ ಹೆಡ್‌ಮಿಸ್ಸನ್ನು ಮಾತ್ರ ಬುಟ್ಟಿಯಲ್ಲಿ ಕೂರಿಸಿ ತಂದರು.

ಆಪರೇಷನ್ನಿನ ಮರುದಿನವೇ ಮಾವ ಫೋನ್ ಮಾಡಿದರು. ಬ್ರೆಡ್ಡಣ್ಣನ ಎರಡೂ ಕೈ ಹಿಟ್ಟಿನಲ್ಲಿದ್ದವು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೇಳಿದ.

"ಅಳಿಯಂದ್ರೇ, ಅವಳಿಗೆ ಬಿಸಿ ಒಂದೇ ಸಾಲದು. ಅದರ ಜೊತೆಗೆ..."

ಹಿಟ್ಟು ನಾದುವ ಯಂತ್ರ ಗರಗರ ಎನ್ನುತ್ತಿತ್ತು. "ಆಯ್ತು ಮಾವ, ನೀವು ಚಿಂತೆ ಬಿಡಿ. ನಾನು ನೋಡ್ಕೋತೀನಿ" ಎಂದ. ಮಾವ ಇನ್ನೂ ಏನೇನೋ ಹೇಳಿದರು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಹದಿನಾರು ವರ್ಷದಿಂದ ಮಾವ ಅಳಿಯನ ನಡುವೆ "ಹೇಗಿದ್ದೀರಿ", "ಚೆನ್ನಾಗಿದ್ದೀನಿ" ಬಿಟ್ಟರೆ ಹೆಚ್ಚು ಮಾತೇನೂ ಇರಲಿಲ್ಲ. ಚಿಕ್ಕ ಮುಳ್ಳು, ದೊಡ್ಡ ಮುಳ್ಳು ಎಂದು ಅಳೆದು ತೂಗಿ ಬದುಕುವ ಮಾವನಿಗೆ ತಾನು ಒರಟ ಎಂದೇ ಕಾಣುತ್ತೇನೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಆಮೆಗೆ ಬಿಸಿಲು ಇಷ್ಟ, ಅಷ್ಟು ಅವನಿಗೆ ಗೊತ್ತಿತ್ತು. ಹಳೆಯ ಗಾಜಿನ ತೊಟ್ಟಿಯೊಂದನ್ನು ಒಲೆಯ ಗೋಡೆಗೆ ಒತ್ತಿ ಇಟ್ಟ. ತಳಕ್ಕೆ ಪೇಪರು ಹಾಸಿದ. ಮೇಲಿಂದ ಒಂದು ದಪ್ಪ ಬಲ್ಬು ನೇತುಹಾಕಿದ. ಒಂದು ಬಟ್ಟಲಲ್ಲಿ ನೀರು, ಒಂದರಲ್ಲಿ ಸೊಪ್ಪು.

"ಇದಕ್ಕಿಂತ ಬೆಚ್ಚಗೆ ಯಾವ ಆಮೆ ಇರುತ್ತೆ ಹೇಳು" ಎಂದ ಹೆಂಡತಿಗೆ.

"ಅಪ್ಪನ ಗೂಡು ಹೀಗಿರಲಿಲ್ಲರೀ. ಅಲ್ಲಿ ಮಣ್ಣಿತ್ತು, ಎಲೆ ಇತ್ತು. ಬಾಗಿಲು ತೆಗೆದ್ರೆ ಮಳೆ ಬಂದು ನಿಂತ ಹಾಗೆ ವಾಸನೆ ಬರ್ತಿತ್ತು."

"ನಿಮ್ಮಪ್ಪಂಗೆ ಹೊತ್ತು ಹೋಗ್ತಿರಲಿಲ್ಲ, ಮಾಡಿದ್ರು. ಕಾಡಲ್ಲಿ ಇದಕ್ಕೆ ಯಾರು ಗೂಡು ಕಟ್ಟಿ ಕೊಟ್ಟಿದ್ರು?"

ಮೊದಲ ವಾರ ಹೆಡ್‌ಮಿಸ್ಸು ಮೂಲೆ ಮೂಲೆ ತಿರುಗಿದಳು. ಎರಡನೆಯ ವಾರ ಒಂದೇ ಮೂಲೆಯಲ್ಲಿ ಗಾಜಿಗೆ ತಲೆಯಿಟ್ಟು ಕೂತಳು. ಮೂರನೆಯ ವಾರ ಸೊಪ್ಪು ಇಟ್ಟದ್ದು ಇಟ್ಟ ಹಾಗೆಯೇ ಬಾಡತೊಡಗಿತು. ಕಣ್ಣು ಒಳಕ್ಕೆ ಹೋಯಿತು. ಕತ್ತಿನ ಚರ್ಮ ಹಳೇ ಚೀಲದ ಹಾಗೆ ಸುಕ್ಕಾಯಿತು. ಉಚ್ಚೆಯ ಜೊತೆ ಬಿಳೀ ಸುಣ್ಣದಂಥ ಗಟ್ಟಿ ಪುಡಿ ಬರುತ್ತಿತ್ತು.

ಮಾವ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ತಮ್ಮ ಸೊಂಟದ ಮಾತು ಒಂದು ವಾಕ್ಯ, ಆಮೇಲೆ ಅದೇ ಪ್ರಶ್ನೆ. "ಹೆಡ್‌ಮಿಸ್ಸು ಹೇಗಿದ್ದಾಳೆ?"

"ಚೆನ್ನಾಗಿದೆ ಮಾವ" ಎನ್ನುತ್ತಿದ್ದ ಬ್ರೆಡ್ಡಣ್ಣ.

ಹೆಂಡತಿ ಅವನ ಮುಖ ನೋಡಿ ಸುಮ್ಮನಾಗುತ್ತಿದ್ದಳು. ಮಲಗಿರುವ ಅಪ್ಪನಿಗೆ ಹೇಳಿ ಯಾಕೆ ಗಾಬರಿ ಮಾಡಬೇಕು ಎಂದು ಅವಳಿಗೂ ಅನಿಸಿತ್ತು. ಆದರೆ ಫೋನ್ ಇಟ್ಟ ಮೇಲೆ ಒಂದು ದಿನ ಹೇಳಿದಳು: "ಅದು ಒಣಗ್ತಾ ಇದೆ. ನನಗೆ ಗೊತ್ತಾಗುತ್ತೆ. ಅಪ್ಪ ನೀರು ಚಿಮುಕಿಸ್ತಿದ್ದದ್ದು ನಾನೇ ನೋಡಿದೀನಿ."

ಸರಿ, ನೀರು ತಾನೇ ಬೇಕು ಎಂದುಕೊಂಡ ಬ್ರೆಡ್ಡಣ್ಣ. ಆವತ್ತೇ ತೊಟ್ಟಿಯನ್ನು ಎತ್ತಿ ಹಿತ್ತಿಲ ಕಡೆಯ ಉಗ್ರಾಣಕ್ಕೆ ತಂದ. ಅದು ಕಲ್ಲು ನೆಲದ ಕೋಣೆ. ಪೇಪರು ತೆಗೆದು ಮಣ್ಣು ತುಂಬಿಸಿ, ಬಕೆಟ್ಟಿನಲ್ಲಿ ನೀರು ಸುರಿದ. ಗಿಡಕ್ಕೆ ನೀರು ಹೊಡೆಯುವ ಬಾಟಲಿಯಿಂದ ದಿನಕ್ಕೆ ಮೂರು ಸಲ ನಲ್ಲಿಯ ತಣ್ಣೀರನ್ನು ಆಮೆಯ ಮೈಮೇಲೆ ಹೊಡೆದ. ನೀರು ತಾಗಿ ಬಲ್ಬು ಒಡೆದೀತು ಎಂದು ಅದನ್ನು ಆರಿಸಿಬಿಟ್ಟ. ಆಗ ಚಳಿಗಾಲ. ಉಗ್ರಾಣದ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು, ಹಿಟ್ಟಿನ ಮೂಟೆ ಒಳಗೆ ಹೊರಗೆ ಆಗುತ್ತಿತ್ತು.

ಮೊದಲ ದಿನ ಹೆಡ್‌ಮಿಸ್ಸು ಒಂದಿಷ್ಟು ನೀರು ಕುಡಿದಳು. ನೋಡಿದೆಯಾ ಎನ್ನುವಂತೆ ಬ್ರೆಡ್ಡಣ್ಣ ಹೆಂಡತಿಯ ಕಡೆ ತಿರುಗಿದ. ಹತ್ತನೆಯ ದಿನ ಬೆಳಿಗ್ಗೆ ಉಗ್ರಾಣಕ್ಕೆ ಹೋದಾಗ ಅವಳು ಕತ್ತನ್ನು ಉದ್ದಕ್ಕೆ ಚಾಚಿ, ಬಾಯಿ ತೆರೆದು ಕೂತಿದ್ದಳು. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಉಸಿರು ಎಳೆದಾಗ ಬಾಗಿಲ ಕೀಲು ಸರಿದ ಹಾಗೆ ಸಣ್ಣ ಸದ್ದು. ಕೈಯಲ್ಲಿ ಎತ್ತಿಕೊಂಡರೆ ಕಲ್ಲಿನಷ್ಟು ತಣ್ಣಗಿದ್ದಳು. ಯಾವಾಗಲೂ ಮುಟ್ಟಿದರೆ ಕಾಲು ಒಳಗೆಳೆದುಕೊಳ್ಳುವವಳು ಆ ದಿನ ಕಾಲನ್ನು ಜೋತುಬಿಟ್ಟಿದ್ದಳು.

ಬ್ರೆಡ್ಡಣ್ಣ ಬ್ರೆಡ್ಡಿನ ಟ್ರೇಗೆ ಟವೆಲು ಹಾಸಿ, ಅದರಲ್ಲಿ ಅವಳನ್ನು ಕೂರಿಸಿಕೊಂಡು ಎರಡು ಬೀದಿ ಆಚೆಯ ಪ್ರಾಣಿ ಆಸ್ಪತ್ರೆಗೆ ಓಡಿದ. ಅಲ್ಲಿನ ಡಾಕ್ಟರಮ್ಮ ದಿನಾ ಅವನ ಅಂಗಡಿಯಿಂದಲೇ ಬ್ರೆಡ್ಡು ಕೊಳ್ಳುವವರು. ಮೊದಲು ಕೇಳಿದ್ದು, "ಇದನ್ನ ಸಾಕೋಕೆ ಕಾಗದಪತ್ರ ಇದೆ ತಾನೇ?"

"ಇದೆ ಡಾಕ್ಟ್ರೇ. ಮಾವನ ಹೆಸರಲ್ಲಿದೆ. ನನ್ನ ಹೆಂಡತಿ ಎತ್ತಿಟ್ಟಿದ್ದಾಳೆ."

ಡಾಕ್ಟರಮ್ಮ ತೂಕ ನೋಡಿದರು, ಬಾಯಿ ತೆರೆದು ನೋಡಿದರು, ಚಿಪ್ಪಿಗೆ ಕಿವಿಯಿಟ್ಟು ಕೇಳಿದರು. "ಸೋಂಕು ಶ್ವಾಸಕೋಶಕ್ಕೆ ಇಳಿದಿದೆ. ಆಮೆಗಳಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಗೆ ಹಾಕೋಕೆ ಆಗಲ್ಲ. ಒಳಗೇ ತುಂಬಿಕೊಳ್ಳುತ್ತೆ. ಎಲ್ಲಿ ಇಟ್ಟಿದ್ರಿ?"

ಅವನು ಹೇಳಿದ. ಒಲೆಯ ಗೋಡೆ, ಬಲ್ಬು, ಆಮೇಲೆ ಉಗ್ರಾಣ, ತಣ್ಣೀರು. ಒಂದೊಂದನ್ನೂ ಬಾಯಿಬಿಟ್ಟು ಹೇಳುವಾಗ ತಲೆ ತಗ್ಗುತ್ತಾ ಹೋಯಿತು.

"ಮೊದಲು ಬಿಸಿ ಕೊಟ್ರಿ, ತೇವ ಇರಲಿಲ್ಲ. ಒಣಗಿ ಹೋಯ್ತು. ಹೀಗೇ ಒಣಗಿಸಿಟ್ರೆ ಮೂತ್ರಪಿಂಡವೇ ಕೆಡುತ್ತೆ. ಆಮೇಲೆ ತೇವ ಕೊಟ್ರಿ, ಬಿಸಿ ಇರಲಿಲ್ಲ. ಮಳೆಕಾಡಿನ ಆಮೆಗೆ ತಣ್ಣಗೆ ಒದ್ದೆಯಾಗಿರೋದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ."

ಬ್ರೆಡ್ಡಣ್ಣನಿಗೆ ಒಳಗೊಳಗೇ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಅಲ್ಲ ಡಾಕ್ಟ್ರೇ, ಕಾಡಲ್ಲಿ ಇದಕ್ಕೆ ಥರ್ಮಾಮೀಟರ್ ಹಿಡ್ಕೊಂಡು ಯಾರು ನಿಂತಿರ್ತಾರೆ? ಅಲ್ಲಿ ಬದುಕಲ್ವಾ?"

"ಬದುಕುತ್ತೆ. ಅಲ್ಲಿ ಸೆಕೆ ಆದ್ರೆ ನಡ್ಕೊಂಡು ನೆರಳಿಗೆ ಹೋಗುತ್ತೆ. ಒಣ ಹವೆ ಆದ್ರೆ ಕೊಳೆತ ಎಲೆ ಕೆಳಗೆ ತೂರಿಕೊಳ್ಳುತ್ತೆ. ನಿಮ್ಮ ಗಾಜಿನ ತೊಟ್ಟಿಯಲ್ಲಿ ಅದು ಎಲ್ಲಿಗೆ ಹೋಗಬೇಕಿತ್ತು ಬೇಕರಿಯವರೇ?"

ಮೊದಲ ವಾರ ಹೆಡ್‌ಮಿಸ್ಸು ಮೂಲೆ ಮೂಲೆ ತಿರುಗಿದ್ದು ಅವನಿಗೆ ನೆನಪಾಯಿತು.

ಡಾಕ್ಟರಮ್ಮ ಸೂಜಿಗೆ ಔಷಧಿ ತುಂಬುತ್ತಾ ಕೇಳಿದರು. "ಬ್ರೆಡ್ಡಿನ ಹಿಟ್ಟು ಉಬ್ಬೋಕೆ ಬಿಡ್ತೀರಲ್ಲ, ಅದನ್ನ ಎಲ್ಲಿ ಇಡ್ತೀರಿ?"

"ಅದಕ್ಕೇ ಒಂದು ಪೆಟ್ಟಿಗೆ ಇದೆ."

"ಎಷ್ಟು ಬಿಸಿ?"

"ಇಪ್ಪತ್ತೆಂಟು ಡಿಗ್ರಿ."

"ತೇವ?"

"ಎಂಬತ್ತರ ಹತ್ರ."

"ಯಾಕೆ? ಹಾಗೇ ಮೇಜಿನ ಮೇಲೆ ಇಟ್ರೆ ಆಗಲ್ವಾ?"

"ಏ, ಆಗಲ್ಲ. ಒಣ ಗಾಳಿ ತಾಗಿದ್ರೆ ಮೇಲೆ ಹಕ್ಕಳೆ ಕಟ್ಟುತ್ತೆ. ತಣ್ಣಗಾದ್ರೆ ಏಳೋದೇ ಇಲ್ಲ. ಎರಡೂ ಒಟ್ಟಿಗೇ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಡಾಕ್ಟರಮ್ಮ ನಗಲಿಲ್ಲ. "ಇಪ್ಪತ್ತು ವರ್ಷದಿಂದ ನೀವು ಮಾಡ್ತಿರೋ ಕೆಲಸವೇ ಇದು. ಈ ಜಾತಿ ಆಮೆಗೆ ಹಗಲು ಇಪ್ಪತ್ತಾರರಿಂದ ಮೂವತ್ತು ಡಿಗ್ರಿ. ಒಂದು ಮೂಲೆ ಮಾತ್ರ ಮೂವತ್ತೆರಡರ ತನಕ ಇರಲಿ, ಬೇಕಾದಾಗ ಹೋಗಿ ಮೈ ಕಾಯಿಸಿಕೊಳ್ಳುತ್ತೆ. ರಾತ್ರಿ ಇಪ್ಪತ್ತೆರಡಕ್ಕಿಂತ ಕೆಳಗೆ ಹೋಗಬಾರದು. ತೇವ ನೂರಕ್ಕೆ ಎಪ್ಪತ್ತರಿಂದ ಎಂಬತ್ತು. ಮರಿಗಳಾದ್ರೆ ಇನ್ನೂ ಸ್ವಲ್ಪ ಜಾಸ್ತಿ, ಇಲ್ಲಾಂದ್ರೆ ಚಿಪ್ಪು ಗೋಪುರ ಗೋಪುರವಾಗಿ ಎದ್ದು ಬೆಳೆಯುತ್ತೆ. ಇವಳು ಹುಷಾರಾಗೋ ತನಕ ಹಗಲೂ ರಾತ್ರಿ ಇಪ್ಪತ್ತೊಂಬತ್ತು, ಮೂವತ್ತರಲ್ಲೇ ಇರಲಿ. ಮೈ ಬೆಚ್ಚಗಿದ್ರೆ ಮಾತ್ರ ಔಷಧಿ ಕೆಲಸ ಮಾಡುತ್ತೆ."

"ಬದುಕುತ್ತಾ?"

"ಹೇಳೋಕಾಗಲ್ಲ. ಮೂರು ದಿನಕ್ಕೊಂದು ಇಂಜೆಕ್ಷನ್. ಇನ್ನೊಂದು ವಿಷಯ. ಇವಳಿಗೆ ಮುಂಚೆ ಹೀಗೆ ಆಗಿತ್ತಾ, ಆರೋಗ್ಯವಾಗಿದ್ದಾಗ ತೂಕ ಎಷ್ಟಿತ್ತು, ಯಾವ ಔಷಧಿ ಕೊಟ್ಟಿದ್ರು, ಇದೆಲ್ಲ ನನಗೆ ಗೊತ್ತಾಗಬೇಕು. ನಿಮ್ಮ ಮಾವನನ್ನ ಕೇಳ್ಕೊಂಡು ಬನ್ನಿ."

ಫೋನಿನಲ್ಲಿ ಕೇಳಬಹುದಿತ್ತು. ಬ್ರೆಡ್ಡಣ್ಣನಿಗೆ ಮನಸ್ಸು ಒಪ್ಪಲಿಲ್ಲ. ಹೆಡ್‌ಮಿಸ್ಸನ್ನು ಆಸ್ಪತ್ರೆಯ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬಿಟ್ಟು, ಅಂಗಡಿಗೆ ಬಂದು ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಗಲ್ಲಾಪೆಟ್ಟಿಗೆ ಮುಚ್ಚಿದಳು. "ನಾನೂ ಬರ್ತೀನಿ" ಎಂದಳು.

"ಬೇಡ. ಸುಳ್ಳು ಹೇಳಿದ್ದು ನಾನು."

ಮಾವ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ, ಎರಡು ದಿಂಬಿಗೆ ಒರಗಿ ಕೂತಿದ್ದರು. ಅಳಿಯ ಒಬ್ಬನೇ ಬಂದದ್ದು ಕಂಡು ಹುಬ್ಬೇರಿಸಿದರು. ಬ್ರೆಡ್ಡಣ್ಣ ಕುರ್ಚಿಯ ತುದಿಯಲ್ಲಿ ಕೂತ. ಅಂಗಿಯ ತೋಳಿಗೆ ಅಂಟಿದ್ದ ಒಣ ಹಿಟ್ಟನ್ನು ಉಗುರಿನಿಂದ ಕೆರೆದ.

"ಮಾವ, ಹೆಡ್‌ಮಿಸ್ಸು ಚೆನ್ನಾಗಿಲ್ಲ. ಇಷ್ಟು ದಿನ ಚೆನ್ನಾಗಿದೆ ಅಂದದ್ದು ಸುಳ್ಳು. ನೀವು ಹೇಳಿದ್ದನ್ನ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದ. ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಬ್ರೆಡ್ಡಣ್ಣನಿಗೆ.

"ಈಗ ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದಾರೆ?" ಎಂದರು ಕೊನೆಗೆ.

"ಇಪ್ಪತ್ತೊಂಬತ್ತು. ತೇವ ಎಪ್ಪತ್ತೈದು."

"ಸರಿ ಇದೆ." ಮಾವ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಾ ಹೇಳಿದರು: "ಇವಳಿಗಿಂತ ಎಷ್ಟೋ ವರ್ಷ ಮುಂಚೆ ನನ್ನ ಹತ್ರ ಇನ್ನೊಂದು ಇತ್ತು. ಅಂಗೈಯಷ್ಟು ಮರಿ. ನಿಮ್ಮ ಹೆಂಡತಿಗೂ ಗೊತ್ತಿಲ್ಲ, ಅವಳು ಆಗ ಓದೋಕೆ ಹಾಸ್ಟೆಲಿನಲ್ಲಿದ್ದಳು. ಆಮೆ ಅಂದ್ರೆ ಬಿಸಿಲು ಅಂತ ಬಲ್ಬಿನ ಕೆಳಗೇ ಇಟ್ಟೆ. ಸೆಕೆಂಡಿನ ಮುಳ್ಳು ಅರ್ಧ ಗೆರೆ ತಪ್ಪಿದ್ರೆ ಹಿಡಿಯೋನು ನಾನು. ಆ ಮರಿ ಆರು ತಿಂಗಳು ಒಣಗಿದ್ದು ನನಗೆ ಕಾಣಲಿಲ್ಲ. ಸತ್ತ ಮೇಲೆ ಪುಸ್ತಕ ತೆಗೆದು ನೋಡಿದೆ."

ಬ್ರೆಡ್ಡಣ್ಣ ತಲೆ ಎತ್ತಿದ.

"ಅದಕ್ಕೇ ನಿಮಗೆ ಅಷ್ಟು ಸಲ ಫೋನ್ ಮಾಡಿದ್ದು. ಆದ್ರೆ ಸತ್ತದ್ದನ್ನ ಹೇಳೋಕೆ ನನಗೂ ಬಾಯಿ ಬರಲಿಲ್ಲ. ಹೇಳಿದ್ದಿದ್ರೆ ನೀವು ಯಂತ್ರ ನಿಲ್ಲಿಸಿ ಕೇಳ್ತಿದ್ರೋ ಏನೋ." ಮಾವ ಕೈ ಚಾಚಿ ಪಕ್ಕದ ಮೇಜಿನಿಂದ ಪೆನ್ನು ತೆಗೆದುಕೊಂಡರು. "ಕಾಗದ ಕೊಡಿ. ಅವಳ ತೂಕ ವರ್ಷ ವರ್ಷದ್ದೂ ನನಗೆ ಬಾಯಿಪಾಠ ಇದೆ."

ಮುಂದಿನ ನಾಲ್ಕು ದಿನ ಹೆಡ್‌ಮಿಸ್ಸು ಡಾಕ್ಟರಮ್ಮನ ಹತ್ತಿರವೇ ಇದ್ದಳು. ಅಷ್ಟರಲ್ಲಿ ಬ್ರೆಡ್ಡಣ್ಣ ಮೇಲಿನ ಕೋಣೆಯಲ್ಲಿ ಹಳೇ ಸಾಮಾನು ಇಡುತ್ತಿದ್ದ ಜಾಗ ಖಾಲಿ ಮಾಡಿ ಮರದ ದೊಡ್ಡ ಗೂಡು ಕಟ್ಟಿದ. ನೀರು ಹೀರದ ಹಾಗೆ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹೊದಿಸಿದ. ತೆಂಗಿನ ನಾರಿನ ಪುಡಿಯನ್ನು ಒಂದು ಗೇಣು ಆಳಕ್ಕೆ ತುಂಬಿ, ಮೇಲೆ ಒಣ ಎಲೆ ಹರಡಿದ. ನೀರನ್ನು ಮೇಲಿಂದ ಸುರಿಯಲಿಲ್ಲ. ಉಗುರುಬೆಚ್ಚಗೆ ಮಾಡಿ ಮೂಲೆಗಳಲ್ಲಿ ಇಳಿಬಿಟ್ಟ. ತಳ ಒದ್ದೆ, ಮೇಲ್ಪದರದಲ್ಲಿ ಬರೀ ಪಸೆ. ಕೆಸರಲ್ಲಿ ನಿಂತರೆ ಚಿಪ್ಪಿನ ಅಡಿ ಕೊಳೆಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಗೂಡಿನ ಮೇಲ್ಭಾಗವನ್ನು ಮುಕ್ಕಾಲು ಮುಚ್ಚಿ, ಗಾಳಿಯಾಡಲು ಕಾಲು ಭಾಗ ಬಿಟ್ಟ. ಒಂದು ಪಕ್ಕ ಬೆಳಕಿಲ್ಲದೆ ಬಿಸಿ ಕೊಡುವ ಹೀಟರು, ಹೆಚ್ಚಾದರೆ ತಾನೇ ಆರಿಕೊಳ್ಳುವ ಸ್ವಿಚ್ಚು. ಇನ್ನೊಂದು ಪಕ್ಕ ಅವಿತುಕೊಳ್ಳಲು ಮರದ ಚಿಕ್ಕ ಪೆಟ್ಟಿಗೆ, ಒಳಗೆ ಒದ್ದೆ ಪಾಚಿ. ಹಗಲಿಗೆ ಬಿಸಿಲಿನ ಕಿರಣ ಕೊಡುವ ದೀಪ. ಇಳಿದು ಕೂರಲು ಅಗಲವಾದ ನೀರಿನ ತಟ್ಟೆ.

"ನಮ್ಮ ಮದುವೆ ಆದಾಗಿಂದ ಅಡುಗೆಮನೆ ಕಪಾಟಿನ ಬಾಗಿಲು ಸರಿ ಮಾಡಿಕೊಡಿ ಅಂತಿದ್ದೀನಿ" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಕಪಾಟಿಗೆ ನೆಗಡಿ ಆಗಲ್ಲ ಕಣೆ."

ಹೀಟರು, ದೀಪ ಹಾಕಿ ಎರಡು ದಿನ ಗೂಡನ್ನು ಖಾಲಿಯೇ ಇಟ್ಟು ನೋಡಿದ. ಮೊದಲ ದಿನ ಹಗಲು ಮೂವತ್ತೈದಕ್ಕೆ ಏರಿತು. ಹೀಟರನ್ನು ಒಂದು ಗೇಣು ಮೇಲೆತ್ತಿದ. ಎರಡನೆಯ ದಿನ ತೇವ ಐವತ್ತಕ್ಕೆ ಇಳಿಯಿತು. ಬಿಸಿ ಹೆಚ್ಚಿದಷ್ಟೂ ಹವೆ ಒಣಗುತ್ತದೆ ಎಂದು ಅವನಿಗೆ ಹೊಸದಾಗಿ ಯಾರೂ ಹೇಳಬೇಕಾಗಿರಲಿಲ್ಲ. ಇನ್ನಷ್ಟು ಎಲೆ ಹಾಕಿದ, ಮೇಲಿನ ಮುಚ್ಚಳವನ್ನು ಇನ್ನೊಂದಿಷ್ಟು ಮುಚ್ಚಿದ. ಆಮೇಲೆ ಹೆಡ್‌ಮಿಸ್ಸನ್ನು ತಂದ.

ಇಂಜೆಕ್ಷನ್ನು ಒಟ್ಟು ಒಂಬತ್ತು ಆಯಿತು. ದಿನಾ ಅರ್ಧ ಗಂಟೆ ಉಗುರುಬೆಚ್ಚನೆ ನೀರಲ್ಲಿ ಕೂರಿಸಬೇಕಿತ್ತು. ಬ್ರೆಡ್ಡಣ್ಣ ಒಲೆ ಆರಿಸಿ ಬಂದು ಬೇಸಿನ್ನಿನ ಪಕ್ಕ ತಾನೂ ಕೂರುತ್ತಿದ್ದ. ಮಾವ ಫೋನ್ ಮಾಡಿದರೆ ಈಗ ಬಿಸಿಯದೊಂದು, ತೇವದ್ದೊಂದು ಎರಡು ಅಂಕಿ ಹೇಳುತ್ತಿದ್ದ, ಆಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದ. "ಇವತ್ತೂ ತಿಂದಿಲ್ಲ." "ಗುಳ್ಳೆ ಕಡಿಮೆ ಆಗಿದೆ." "ಕಣ್ಣು ಪೂರ್ತಿ ಬಿಟ್ಟಿದ್ದಾಳೆ." ಹದಿನೇಳನೆಯ ದಿನ ಹಣ್ಣಿನ ಒಂದು ಹೋಳನ್ನು ಮೂಸಿ ನೋಡಿ ಬಿಟ್ಟಳು. ಮರುದಿನ ಅದೇ ಹಣ್ಣನ್ನು ಸಿಪ್ಪೆ ಸಮೇತ ತಿಂದಳು. ಬ್ರೆಡ್ಡಣ್ಣ ಮೆಟ್ಟಿಲಿಳಿದು ಬಂದು, ಅಂಗಡಿ ತುಂಬ ಗಿರಾಕಿಗಳು ನಿಂತಿದ್ದರೂ ಲೆಕ್ಕಿಸದೆ, "ತಿಂದಳು" ಎಂದಷ್ಟೇ ಹೆಂಡತಿಗೆ ಹೇಳಿ ಮತ್ತೆ ಮೇಲೆ ಹೋದ.

ಎರಡು ತಿಂಗಳು ಕಳೆದು ಮಾವ ಊರುಗೋಲು ಹಿಡಿದು ಮಗಳ ಮನೆಗೇ ಬಂದರು. ಒಂದೊಂದೇ ಮೆಟ್ಟಿಲು ಹತ್ತಿ, ಗೂಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಹೆಡ್‌ಮಿಸ್ಸು ಎಲೆಯ ಅಡಿಯಿಂದ ತಲೆ ಹೊರಗೆ ಹಾಕಿದಳು. ಉಸಿರಿನ ಸದ್ದು ಪೂರ್ತಿ ಹೋಗಿರಲಿಲ್ಲ. ಇನ್ನು ಪ್ರತಿ ಚಳಿಗಾಲ ಹುಷಾರಾಗಿರಬೇಕು ಎಂದಿದ್ದರು ಡಾಕ್ಟರಮ್ಮ. ಮಾವ ಕಿವಿಯಿಟ್ಟು ಅದನ್ನು ಕೇಳಿಸಿಕೊಂಡರು. ಆಮೇಲೆ ಗೂಡಿನ ಮೇಲ್ತುದಿಗೆ ನೇತುಹಾಕಿದ್ದ ಮೀಟರು ನೋಡಿದರು.

"ಅಳಿಯಂದ್ರೇ, ಇವಳು ಹಾರಾಡ್ತಾಳಾ?"

"ಯಾಕೆ ಮಾವ?"

"ಮೀಟರು ಅಲ್ಲಿ ಮೇಲಿದೆ. ಆಮೆ ಕೆಳಗಿದೆ. ಅವಳ ಬೆನ್ನಿನ ಎತ್ತರಕ್ಕೆ ಇಳಿಸಿ. ಬಿಸಿ ಮೂಲೆಗೊಂದು, ತಂಪು ಮೂಲೆಗೊಂದು ಇರಲಿ."

ಬ್ರೆಡ್ಡಣ್ಣ ಇಳಿಸಿದ. ಕೆಳಗೆ ಅಂಕಿ ಮೂರು ಡಿಗ್ರಿ ಕಡಿಮೆ ತೋರಿಸಿತು. ಇಬ್ಬರೂ ಸೇರಿ ಹೀಟರನ್ನು ಸರಿಪಡಿಸಿದರು. ಅದಾದ ಮೇಲೆ ಮಾವ, "ಇವಳು ಇಲ್ಲೇ ಇರಲಿ. ಮತ್ತೆ ಜಾಗ ಬದಲಿಸೋದು ಬೇಡ. ನೋಡೋಕೆ ನಾನೇ ಬರ್ತಿರ್ತೀನಿ" ಎಂದರು.

"ಬರ್ತಿರೋದು ಯಾಕೆ ಮಾವ, ಪಕ್ಕದ ಕೋಣೆ ಖಾಲಿ ಇದೆಯಲ್ಲ" ಎಂದ ಬ್ರೆಡ್ಡಣ್ಣ. ಮುಂದಿನ ವಾರ ಮಾವನ ಗಡಿಯಾರಗಳೆಲ್ಲ ಬೇಕರಿಯ ಮೇಲಿನ ಕೋಣೆಗೆ ಬಂದವು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಮಳೆಕಾಡಿನ ಆಮೆ ಇದೆಯೇ? ಹಾಗಿದ್ದರೆ ಬಿಸಿ ಅಳೆಯುವ ಮೀಟರು, ತೇವ ಅಳೆಯುವ ಮೀಟರು ಎರಡನ್ನೂ ತನ್ನಿ. ಅಂದಾಜಿನ ಮೇಲೆ ಬಿಡಬೇಡಿ. ನಿಮಗೆ ಹಿತ ಎನಿಸಿದ ಕೋಣೆ ಅದಕ್ಕೆ ಹಿತ ಆಗಬೇಕೆಂದಿಲ್ಲ. ತೇವ ಕಡಿಮೆ ಇದ್ದರೆ ಹೆಚ್ಚಿಸಿ, ಆದರೆ ಬಿಸಿ ಇಳಿಯಲು ಬಿಡಬೇಡಿ. ಎಲ್ಲ ಆಮೆಗೂ ಒಂದೇ ಲೆಕ್ಕ ಇಲ್ಲ. ಒಣನಾಡಿನ ಆಮೆಗೆ ಬೇಕಾದದ್ದೇ ಬೇರೆ. ನಿಮ್ಮದು ಯಾವ ಜಾತಿ ಎಂದು ಪ್ರಾಣಿ ವೈದ್ಯರಿಂದ ತಿಳಿದುಕೊಳ್ಳಿ. ಮೂಗು ಸೋರಿದರೆ, ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಒಳಗೆ ಹೋದರೆ ಮನೆಮದ್ದು ಮಾಡುತ್ತಾ ದಿನ ಕಳೆಯಬೇಡಿ, ಆ ದಿನವೇ ಕರೆದೊಯ್ಯಿರಿ. ಮನೆಯಲ್ಲಿ ಇನ್ನೂ ಆಮೆ ಇಲ್ಲದವರು ಮೊದಲು ಕಾನೂನು ಏನು ಹೇಳುತ್ತದೆ ಎಂದು ಕೇಳಿ. ಕಾಡಿನಿಂದ ಹಿಡಿದು ತಂದದ್ದನ್ನು ಕೊಳ್ಳಲೇಬೇಡಿ. ಈ ಬಿಸಿ, ಈ ತೇವವನ್ನು ವರ್ಷಾನುಗಟ್ಟಲೆ ಕಾಯಲು ಆಗುವುದಿಲ್ಲ ಎನಿಸಿದರೆ ತರದೆ ಇರುವುದೇ ಅದಕ್ಕೆ ನೀವು ಮಾಡುವ ಉಪಕಾರ.

ಆಮೆ ಅಳುವುದಿಲ್ಲ, ಕೂಗಿ ಕರೆಯುವುದಿಲ್ಲ. ಚಳಿಯಾದರೂ ಬಾಯಾರಿದರೂ ಒಂದು ಮೂಲೆಯಲ್ಲಿ ಸುಮ್ಮನೆ ಕೂರುತ್ತದೆ. ನೀವೇ ಎದ್ದು ಹೋಗಿ ನೋಡಬೇಕು. ಇವತ್ತೇ ನೋಡಿ.